ಕವರಿನ ಬೆನ್ನಿಗೆ ಟಿಕ್ಲಿ

ಕುಮಟಾ
೧೨ ನವೆಂಬರ್ ೨೦೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಅಂಕಿತಾ,

ಅಕ್ಕನಿಂದ ನಿನಗೆ ಒಂದು ಮುತ್ತು, ಪುಟ್ಟಿಯಿಂದ ಎರಡು. ಅಪ್ಪನಿಗೆ ನಮಸ್ಕಾರ ಎಂದು ಬರೆಯಬೇಕು, ಆದರೆ ಅದನ್ನು ತಲುಪಿಸಬೇಡ. ನನ್ನಿಂದ ಪತ್ರ ಬಂದದ್ದೇ ಅಪ್ಪನಿಗೆ ಗೊತ್ತಾಗಬಾರದು. ಆಫೀಸಿನಲ್ಲೇ ಓದು, ಊಟದ ಬಿಡುವಿನಲ್ಲಿ, ಒಬ್ಬಳೇ ಕೂತು.

ಈ ಕಾಲದಲ್ಲಿ ಪತ್ರ ಬರೆಯುವಂಥದ್ದು ಅಕ್ಕನಿಗೆ ಎಂತ ಬಂತು ಎಂದು ನಗಬೇಡ. ನನ್ನ ವಾಟ್ಸಾಪ್ ನಿನ್ನ ಭಾವನ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ. ಹಳೆಯ ಗ್ರಾಮಫೋನ್ ಪ್ಲೇಟು ಕೊಳ್ಳುವವರ ಗುಂಪುಗಳಿಗೆಲ್ಲ ಅವರು ನನ್ನ ನಂಬರನ್ನೇ ಕೊಟ್ಟಿದ್ದಾರೆ. ಫೋನ್ ಮಾಡೋಣವೆಂದರೆ ನೀನು ಅಪ್ಪನೂ ಕೇಳಲಿ ಎಂದು ಸ್ಪೀಕರಿಗೆ ಹಾಕುತ್ತೀಯ, ಇಲ್ಲಿ ನಡುಮನೆಯಲ್ಲಿ ಇವರು ಪಾರ್ಸೆಲ್ ಕಟ್ಟುತ್ತ ಕೂತಿರುತ್ತಾರೆ. ಹಿಂದಿನ ಮನೆಯ ಕವಿತಕ್ಕ ದಿನವೂ ಭಟ್ಕಳಕ್ಕೆ ಕೆಲಸಕ್ಕೆ ಹೋಗುವವಳು, ನಾಳೆ ಬೆಳಿಗ್ಗೆ ಅವಳ ಕೈಯಲ್ಲಿ ಕೊಡುತ್ತೇನೆ, ನಿನ್ನ ಆಫೀಸಿಗೇ ತಲುಪಿಸುತ್ತಾಳೆ. ಪುಟ್ಟಿಯ ಹಳೆಯ ಅಂಗಿಗಳ ಮಧ್ಯೆ ಮಡಚಿಟ್ಟಿರುತ್ತೇನೆ, ಅಂಗಿ ಬಿಡಿಸುವಾಗ ಯಾರ ಎದುರೂ ಬಿಡಿಸಬೇಡ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಪುಟ್ಟಿ ಯಾವಾಗ ಎದ್ದಾಳೋ. ಸೋಮವಾರ ನೀನು ಟ್ರೇನಿಂಗಿಗೆ ಧಾರವಾಡಕ್ಕೆ ಹೋದಾಗ ಅಪ್ಪನ ಜೊತೆ ಇರಲು ನಿನ್ನ ಭಾವನನ್ನು ಕರೆದಿದ್ದೀಯಲ್ಲ, ಅದು ಬೇಡ. ಅಪ್ಪನನ್ನು ಮಾವಳ್ಳಿಯ ಮಾಲತಿ ಚಿಕ್ಕಮ್ಮನ ಮನೆಗೆ ಬಿಟ್ಟು ಹೋಗು. ಏನಾದರೂ ನೆಪ ಹೇಳು. ನಿನ್ನ ಭಾವನನ್ನು ಆ ಮನೆಯಲ್ಲಿ ಅಪ್ಪನ ಜೊತೆ ಒಂಟಿಯಾಗಿ ಬಿಡಬೇಡ.

ನೋಡು, ಬರೆದದ್ದನ್ನು ಓದಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಭಾವ ನಿನಗೆ ಹೇಳಿಯೇ ಇರುತ್ತಾರೆ, ಸುಪ್ರಿಯಾಗೆ ಹೆರಿಗೆಯಾದಾಗಿನಿಂದ ನಿದ್ದೆ ಇಲ್ಲ, ಇಲ್ಲದ್ದೆಲ್ಲ ತಲೆಗೆ ಬರುತ್ತದೆ ಎಂದು. ಡಾಕ್ಟರಮ್ಮನೂ ಹಾಗೇ ಹೇಳಿದರು, ಮಾತ್ರೆ ಕೊಟ್ಟರು. ನಿದ್ದೆ ಇಲ್ಲದ್ದು ನಿಜ. ಪುಟ್ಟಿ ಮಲಗಿದರೂ ನಾನು ಅವಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ಬರುತ್ತದೆಯೇ ಎಂದು ನೋಡುತ್ತ ಕೂತಿರುತ್ತೇನೆ. ಆದರೆ ನಿದ್ದೆಗೆಟ್ಟ ಕಣ್ಣಿಗೂ ಕೆಂಪು ಬಣ್ಣ ಕೆಂಪಾಗಿಯೇ ಕಾಣುತ್ತದಲ್ಲ. ಕಂಡದ್ದನ್ನಷ್ಟೇ ಬರೆಯುತ್ತೇನೆ, ಲೆಕ್ಕ ನೀನೇ ಹಾಕು.

ಪ್ಲೇಟಿನ ವ್ಯಾಪಾರ ಹೇಗೆ ಶುರುವಾಯಿತು ಎಂದು ನಿನಗೆ ಗೊತ್ತಿದೆ. ಇವರ ಅಪ್ಪನ ಕಾಲದ ಮೈಕ್‌ಸೆಟ್ಟು, ಶಾಮಿಯಾನದ ಅಂಗಡಿ. ಅದರ ಅಟ್ಟದಲ್ಲಿ ಮದುವೆ ಮನೆಗಳಲ್ಲಿ ಹಾಕುತ್ತಿದ್ದ ಹಾಡಿನ ಪ್ಲೇಟುಗಳು ಧೂಳು ಹಿಡಿದು ಬಿದ್ದಿದ್ದವು. ಗುಜರಿಗೆ ಹಾಕುವ ಮೊದಲು ಒಂದರ ಫೋಟೋ ತೆಗೆದು ಹಾಕಿದರೆ ಚೆನ್ನೈಯ ಯಾರೋ ಒಬ್ಬರು ಅದೊಂದಕ್ಕೆ ಶಾಮಿಯಾನದ ಒಂದು ತಿಂಗಳ ದುಡಿಮೆಯಷ್ಟು ಕೊಡುತ್ತೇನೆಂದರು. ಅವತ್ತು ಇವರು ಕುಣಿದಾಡಿದ್ದು ನೋಡಬೇಕಿತ್ತು. ಆಮೇಲೆ ಭಟ್ಕಳದ ಗುಜರಿ ಅಂಗಡಿಗಳು, ಹೊನ್ನಾವರದ ಹಳೆಯ ರೇಡಿಯೋ ರಿಪೇರಿಯವರು, ಒಂದನ್ನೂ ಬಿಡಲಿಲ್ಲ. ಹಳೆಯ ಪಾತ್ರೆಯ ಜೊತೆ ತೂಕಕ್ಕೆ ಬಂದ ಪ್ಲೇಟುಗಳಲ್ಲಿ ಬೆಲೆಯದು ಯಾವುದೆಂದು ಇವರ ಕಣ್ಣಿಗೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ಪ್ಲೇಯರಿನ ಮುಳ್ಳು ಗೀಚಿದ ಗೆರೆ ಇದೆಯೇ ಎಂದು ನೋಡುವುದು, ನಡುವಿನ ಕಾಗದದ ಬಣ್ಣ ನೋಡುವುದು, ಹಾಡು ಮುಗಿಯುವಲ್ಲಿ ಉಳಿದ ಖಾಲಿ ಜಾಗದಲ್ಲಿ ಕೊರೆದ ನಂಬರನ್ನು ಉಗುರಿನಿಂದ ಮುಟ್ಟಿ ಓದುವುದು. ನನಗೂ ಕಲಿಸಿದರು. ಆಗ ನಾವು ಖುಷಿಯಾಗಿದ್ದೆವು ಅಂಕಿತಾ, ಅದನ್ನೂ ಬರೆಯಬೇಕು.

ಅಗ್ಗಕ್ಕೆ ಸಿಗುವ ಗುಟ್ಟೇನೆಂದರೆ ಬೇಕಾದದ್ದರ ಕಡೆ ನೋಡಬಾರದು. ಇವರು ಮನೆಗೆ ಹೋದರೆ ಹಿತ್ತಾಳೆಯ ದೀಪ ಕೇಳುತ್ತಾರೆ, ಮುರಿದ ಆಂಪ್ಲಿಫಯರ್ ಕೇಳುತ್ತಾರೆ, ಎದ್ದು ಹೊರಡುವಾಗ ಅದೇನು ತಟ್ಟೆ ಬಿದ್ದಿದೆ, ಇರಲಿ ಕೊಡಿ ಎನ್ನುತ್ತಾರೆ. ಒಂದು ಪ್ಲೇಟನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿದರೆ ಸಾಕು, ಮನೆಯವರಿಗೆ ಅನುಮಾನ ಬಂದು ದರ ಏರುತ್ತದಂತೆ.

ಆದರೆ ಒಳ್ಳೆಯ ಪ್ಲೇಟು ಇದ್ದದ್ದು ಮುದುಕರ ಹತ್ತಿರ. ಅವರು ಸಾಯುವವರೆಗೆ ಕೊಡುವುದಿಲ್ಲ. ಸತ್ತ ಮೇಲೆ ನಮ್ಮ ಕಡೆ ಹೇಗೆ ಎಂದು ನಿನಗೆ ಹೇಳಬೇಕಾಗಿಲ್ಲ. ಸೂತಕ ಕಳೆಯುವವರೆಗೆ ಮನೆಯಿಂದ ಒಂದು ಲೋಟವನ್ನೂ ಹೊರಗೆ ಕೊಡುವುದಿಲ್ಲ. ಕಳೆದ ಮೇಲೆ, ಹೋದವರು ಬಳಸಿದ್ದೆಲ್ಲ ಎಷ್ಟು ಬೇಗ ಹೊರಗೆ ಹೋದರೆ ಅಷ್ಟು ಒಳ್ಳೆಯದು. ಆ ಸಾಮಾನಿಗೆ ಯಾರೂ ಚೌಕಾಸಿ ಮಾಡುವುದಿಲ್ಲ, ಅದರಿಂದ ದುಡ್ಡು ಎಣಿಸಿಕೊಂಡರು ಎನ್ನಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಒಯ್ದರೆ ಸಾಕು. ಹದಿಮೂರನೆಯ ದಿನದ ಊಟಕ್ಕೆ ಶಾಮಿಯಾನ ಹಾಕಿದವರೇ ಮರುದಿನ ಅದನ್ನು ಬಿಚ್ಚಲು ಹೋಗುವವರು. ಅದು ನಿನ್ನ ಭಾವ. ಗಾಡಿಯಲ್ಲಿ ಕಂಬ, ಬಟ್ಟೆಗಳ ಪಕ್ಕದಲ್ಲಿ ಪ್ಲೇಟಿನ ಕಟ್ಟು ಬರುತ್ತಿತ್ತು.

ಇದರಲ್ಲಿ ಕೆಟ್ಟದ್ದೇನು ಎಂದು ನಾನೂ ಅಂದುಕೊಂಡೆ. ಮಣ್ಣುಪಾಲಾಗುವುದನ್ನು ಉಳಿಸುತ್ತಾರೆ ಅಷ್ಟೇ. ಆಮೇಲೆ, ಈ ಮಳೆಗಾಲಕ್ಕೆ, ಪುಟ್ಟಿ ಹುಟ್ಟಿದ ಮೇಲೆ, ಇವರು ಮೊದಲೇ ಹೋಗಲು ಶುರುಮಾಡಿದರು. ಅಂದರೆ ಬದುಕಿದ್ದಾಗಲೇ. ಯಾವ ಊರಿನಲ್ಲಿ ಯಾವ ಮುದುಕರ ಹತ್ತಿರ ಪ್ಲೇಟಿದೆ, ಯಾರಿಗೆ ಹಾಸಿಗೆ ಹಿಡಿಯುವ ಹಾಗಾಗಿದೆ ಎಂದು ತಿಳಿದುಕೊಂಡು, ಬಾಳೆಹಣ್ಣು ಹಿಡಿದು ಹೋಗುವುದು, ಕೂತು ಹಾಡು ಹಾಕುವುದು, ಮಾತಾಡಿಸುವುದು. ಮನೆಯವರಿಗೂ ಒಂದು ಗಳಿಗೆ ಬಿಡುವು. ಎಲ್ಲರೂ ಹೊಗಳಿದರು. ಕತಗಾಲದಲ್ಲಿ ಮಾತ್ರ ಚಹಾ ಅಂಗಡಿಯ ನಾಗೇಶ ಇವರ ಗಾಡಿ ನಿಂತದ್ದು ನೋಡಿ, "ನರೇಶಣ್ಣ ಬಂದ್ನೋ. ಈ ಸಲ ಶಾಮಿಯಾನ ಯಾರ ಮನೆಗಾ?" ಎಂದು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ನಾನು ಪುಟ್ಟಿಯನ್ನು ಎತ್ತಿಕೊಂಡು ಗಾಡಿಯಲ್ಲೇ ಕೂತಿದ್ದೆ, ಸೆರಗು ಅವಳ ಮುಖಕ್ಕೆ ಎಳೆದುಕೊಂಡೆ. ಯಾಕೆ ಎಳೆದೆನೋ ಗೊತ್ತಿಲ್ಲ.

ಹೊನ್ನಾವರದ ರಮಾನಂದ ಮಾಸ್ತರ ವಿಷಯ ನಿನಗೆ ಅರ್ಧ ಗೊತ್ತು. ಶರಾವತಿಯ ಕಡೆ ಇಳಿಯುವಲ್ಲಿ ಅವರ ಮನೆ. ಮಗ ಗೋವೆಯಲ್ಲಿ, ಸೊಸೆ ನೀಲಾ ಹೊನ್ನಾವರದ ಶಾಲೆಯಲ್ಲೇ ಟೀಚರು. ಹಗಲಿಡೀ ಮಾಸ್ತರು ಒಬ್ಬರೇ. ಎರಡು ಸಲ ಇವರ ಜೊತೆ ನಾನೂ ಹೋಗಿದ್ದೆ. ಹೆಂಡತಿ ಮಗು ಜೊತೆಗಿದ್ದರೆ ಜನ ಬಾಗಿಲು ತೆಗೆದು ಒಳಗೆ ಕೂರಿಸುತ್ತಾರೆ ಎಂದು ಇವರೇ ಹೇಳಿ ಕರೆದುಕೊಂಡು ಹೋಗಿದ್ದರು. ಮಾಸ್ತರು ಚೊಕ್ಕ ಮನುಷ್ಯ. ಪ್ಲೇಟು ಹಾಕುವ ಮೊದಲು ಕೈ ತೊಳೆದು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಪುಟ್ಟಿಯ ಕಾಲು ಹಿಡಿದು ತಾಳ ಹಾಕಿಸುತ್ತಿದ್ದರು. ಇವರು ಚಹಾ ಮಾಡಲು ಒಳಗೆ ಹೋದಾಗ ನನ್ನ ಕಡೆ ಬಗ್ಗಿ, ನಗುತ್ತಲೇ, "ನಿನ್ ಗಂಡ ಬರುದು ಪ್ಲೇಟು ನೋಡ್ಲಿಕ್ಕೋ, ನನ್ನ ನಾಡಿ ನೋಡ್ಲಿಕ್ಕೋ ಮಾರಾಯ್ತಿ?" ಎಂದರು. ನಾನು ಎರಡೂ ಮಾಸ್ತರೇ ಎಂದು ನಕ್ಕುಬಿಟ್ಟೆ.

ಆಗಸ್ಟಿನಲ್ಲಿ ಪುಟ್ಟಿಗೆ ಚುಚ್ಚುಮದ್ದು ಹಾಕಿಸಿ ಜ್ವರ ಬಂದಿತ್ತು, ಆ ಸಲ ನಾನು ಹೋಗಲಿಲ್ಲ. ಸಂಜೆ ಇವರು ಬಂದು ಕೈಕಾಲು ತೊಳೆದರು, ಮಗುವಿನ ಹಣೆ ಮುಟ್ಟಿ ನೋಡಿದರು, ತಟ್ಟೆಯ ಮುಂದೆ ಕೂತರು. ಅನ್ನಕ್ಕೆ ಸಾರು ಕಲಸುತ್ತ ಮಾಸ್ತರು ಹೋದರು ಎಂದರು. ನಾನು ಸೌಟು ಹಿಡಿದು ನಿಂತೇಬಿಟ್ಟೆ. ಹೇಗೆ ಎಂದೆ. ಹಾಡಿನ ಮಧ್ಯೆ ಎದೆ ಹಿಡಿದುಕೊಂಡರಂತೆ. ಕುರ್ಚಿಗೆ ಒರಗಿದರಂತೆ. ಇವರ ಕಡೆ ನೋಡಿದರಂತೆ. ಆಮೇಲೆ ನೀವು ಎಂತ ಮಾಡಿದಿರಿ ಎಂದು ಕೇಳಿದೆ.

"ಪ್ಲೇಟು ಮುಗೀಲಿ ಅಂತ ಕೂತೆ. ನಡುವೆ ಮುಳ್ಳು ಎತ್ತಿದ್ರೆ ಗೆರೆ ಬೀಳ್ತದೆ."

ಹೀಗೆ ಹೇಳಿದರು ಅಂಕಿತಾ. ನಾನು ಒಂದಕ್ಷರ ಕೂಡಿಸಿಲ್ಲ, ಬಿಟ್ಟಿಲ್ಲ. ಗ್ಯಾಸಿಗೆ ಬುಕ್ ಮಾಡಿದೆ ಎಂದು ಹೇಳುವಷ್ಟೇ ಸಲೀಸಾಗಿ. ನನ್ನ ಮುಖ ನೋಡಿದ ಮೇಲೆ, ಮಾಸ್ತರಿಗೂ ಅದೇ ಬೇಕಿತ್ತು, ಹಾಡು ಕೇಳುತ್ತ ಹೋಗುವ ಭಾಗ್ಯ ಯಾರಿಗೆ ಸಿಗುತ್ತದೆ, ಆಂಬುಲೆನ್ಸು ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಇರಬಹುದು. ಉಳಿಯುತ್ತಿರಲಿಲ್ಲವೇನೋ. ಆಮೇಲೆ ಮಜ್ಜಿಗೆ ಕೇಳಿದರು, ಹಾಕಿದೆ.

ಆ ಮನೆಯ ಕೆಲಸವನ್ನೆಲ್ಲ ಇವರೇ ನಿಂತು ಮಾಡಿಸಿದರು. ಶಾಮಿಯಾನಕ್ಕೆ ಬಾಡಿಗೆ ತೆಗೆದುಕೊಳ್ಳಲಿಲ್ಲ. ಹದಿಮೂರನೆಯ ದಿನ ಬಡಿಸುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ, ಅದು ನಾಟಕವಲ್ಲ, ನಿಜವಾಗಿ ಅತ್ತರು. ಅದೇ ನನಗೆ ಹೆಚ್ಚು ಹೆದರಿಕೆ. ಮರುದಿನ ನೀಲಾ ತಾನಾಗಿ ಕಪಾಟು ತೆಗೆದು, "ಇವೆಲ್ಲ ನೀವೇ ಒಯ್ರಿ. ಮನೇಲಿದ್ರೆ ನಮ್ಗೆ ನೋಡ್ಲಿಕ್ಕೆ ಆಗುದಿಲ್ಲ" ಎಂದಳು. ಇವರು ಎಲ್ಲ ಬೇಡ, ನೆನಪಿಗೆ ನಾಲ್ಕಾರು ಸಾಕು ಎಂದು ನೆಲದ ಮೇಲೆ ಕೂತು ಕವರುಗಳನ್ನು ಸರಸರ ತಿರುಗಿಸಿದರು. ಮುಂಭಾಗ ನೋಡಲೇ ಇಲ್ಲ. ಬೆನ್ನು ಮಾತ್ರ. ಕೆಲವನ್ನು ಎತ್ತಿ ಬದಿಗಿಟ್ಟರು. ಒಂದು ಕವರನ್ನು ನೀಲಾ ಕೈಗೆತ್ತಿಕೊಂಡಳು, ಬೆನ್ನಿನ ಮೂಲೆಯಲ್ಲಿ ಒಂದು ಟಿಕ್ಲಿ. ಹಣೆಗೆ ಅಂಟಿಸುವ ಗುಂಡಗಿನ ಕೆಂಪು ಟಿಕ್ಲಿ. "ನಮ್ಮತ್ತೆದು" ಎಂದು ಅವಳು ಅಲ್ಲೇ ಬಾಗಿಲಿಗೆ ಒರಗಿ ಅತ್ತುಬಿಟ್ಟಳು. ಸ್ನಾನಕ್ಕೆ ಹೋಗುವಾಗ ಅತ್ತೆ ಎಲ್ಲೆಂದರಲ್ಲಿ ಅಂಟಿಸುತ್ತಿದ್ದರಂತೆ. ಇವರು, ಹೌದು, ಇರಬೇಕು ಎಂದರು.

ಅದು ನನ್ನದು. ನನ್ನ ಕನ್ನಡಿಯ ಮೂಲೆಯಲ್ಲಿ ಸಿಕ್ಕಿಸಿದ ಚೀಟಿಯಿಂದ ಟಿಕ್ಲಿ ಬೇಗ ಬೇಗ ಖಾಲಿಯಾಗುತ್ತಿತ್ತು, ಪುಟ್ಟಿ ಕಿತ್ತು ಬಾಯಿಗೆ ಹಾಕಿಕೊಂಡಳೋ ಎಂದು ನಾನು ಅವಳ ಬಾಯಲ್ಲಿ ಬೆರಳಿಟ್ಟು ಹುಡುಕಿದ್ದೆ. ಮುದುಕರ ಮನೆಯಲ್ಲಿ ಕೂತು ಹಾಡು ಕೇಳುತ್ತ ಇವರು ಬೆಲೆಯ ಪ್ಲೇಟುಗಳ ಬೆನ್ನಿಗೆ ಅದನ್ನು ಅಂಟಿಸಿ ಬರುತ್ತಿದ್ದರು. ಆ ದಿನ ಬಂದಾಗ ವಾರಸುದಾರರ ಎದುರು ಹುಡುಕುತ್ತ ಕೂರಬೇಕಾಗಿಲ್ಲವಲ್ಲ. ಟಿಕ್ಲಿ ಕಂಡರೆ ಯಾರಿಗೂ ಅನುಮಾನವಿಲ್ಲ, ಪ್ರತಿ ಮನೆಯಲ್ಲೂ ಒಬ್ಬ ಹೆಂಗಸಿನ ಟಿಕ್ಲಿ ಎಲ್ಲೋ ಅಂಟಿಕೊಂಡೇ ಇರುತ್ತದೆ.

ಕೆಂಪು ಟಿಕ್ಲಿ ಬಿಟ್ಟು ನಾನು ಬೇರೆ ಹಚ್ಚಿದವಳಲ್ಲ ಎಂದು ನಿನಗೆ ಗೊತ್ತು. ಸೀಮಂತಕ್ಕೆ ಮಾತ್ರ ನೀನು ಭಟ್ಕಳ ಪೇಟೆಯಿಂದ ಆ ಹಸಿರು ಕಲ್ಲಿನ ಚೀಟಿ ತಂದಿದ್ದೆ. ಹಸಿರು ಸೀರೆ, ಹಸಿರು ಬಳೆ, ಮಗಳ ಸೀಮಂತಕ್ಕೆ ಟಿಕ್ಲಿಯೂ ಹಸಿರೇ ಆಗಲಿ ಎಂದು ಆಯಿ ಹಟ ಹಿಡಿದಿದ್ದಳು. ಒಂದು ವಾರದೊಳಗೆ ಅದರಲ್ಲೊಂದನ್ನು ನೀನೇ ಆಯಿಯ ಹಣೆಗೆ ಅಂಟಿಸಿದೆ. ಉಳಿದ ಚೀಟಿಯನ್ನು ಬಳೆ, ಕುಂಕುಮದ ಜೊತೆ ಅವಳ ಮಡಿಲಿಗೆ ಹಾಕಿ ಕಳಿಸಿದೆವು. ಮುತ್ತೈದೆಯಾಗಿ ಹೋದಳು, ನೋವಿಲ್ಲದೆ ಹೋದಳು, ಅಳಿಯ ಪಕ್ಕದಲ್ಲಿದ್ದ ಎಂದು ಬಂದವರೆಲ್ಲ ಹೇಳಿದರು. ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ. ಪುಟ್ಟಿ ಎದ್ದಳು, ತಡಿ.

ಹಾಲು ಕುಡಿಸಿ ಮಲಗಿಸಿದೆ. ಮಲಗಿಲ್ಲ, ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದಾಳೆ. ಅವಳಿಗೂ ನನ್ನ ಕಾಯಿಲೆ ಬಂತೋ ಏನೋ.

ಆಯಿಯ ಪ್ಲೇಟಿಗೆ ಬರುತ್ತೇನೆ. ಮುಂಬಯಿಯ ಮೋಹನ ಮಾವ ವರ್ಷಕ್ಕೊಮ್ಮೆ ಬರುವಾಗ ಆಯಿಗೆಂದು ತರುತ್ತಿದ್ದ ಪ್ಲೇಟುಗಳು. ನಮ್ಮ ತಲೆ ಬಾಚುವಾಗ ಆಯಿ ಆ ನೀಲಿ ಕವರಿನದನ್ನು ಹಾಕುತ್ತಿದ್ದಳಲ್ಲ, ಒಂದು ಬದಿ ಮುಗಿಯುವುದರೊಳಗೆ ನನ್ನ ಜಡೆ, ಮಗುಚಿ ಹಾಕಿದರೆ ನಿನ್ನ ಜಡೆ. ಆಯಿಯ ಹದಿಮೂರನೆಯ ದಿನ ಕಳೆದ ಮೇಲೆ ನಿನ್ನ ಭಾವ, ಅವನ್ನೆಲ್ಲ ನಾನು ಒಯ್ಯುತ್ತೇನೆ ಮಾವ, ಕಣ್ಣೆದುರು ಇದ್ದರೆ ನಿಮಗೆ ಸಂಕಟ ಎಂದಿದ್ದರು. ಅಪ್ಪ ಬೇಡ ಎಂದ. ಎಲ್ಲ ಹೋಗಲಿ, ಅವಳ ಹಾಡು ಇರಲಿ ಎಂದ. ಊರಿನಲ್ಲಿ ಯಾರೂ ಮಾಡದ ಹಾಗೆ ಇಟ್ಟುಕೊಂಡ. ಆಮೇಲೆ ತಿಂಗಳುಗಟ್ಟಲೆ ಇವರು ಶಿರಾಲಿಯ ನಮ್ಮ ಮನೆಯೊಳಗೆ ತಲೆ ಹಾಕಲಿಲ್ಲ. ಹೆರಿಗೆಗೆ ಬಂದಿದ್ದ ನನ್ನನ್ನು ನೋಡಲು ಬಂದರೂ ಅಂಗಳದಿಂದಲೇ ಹೋಗುತ್ತಿದ್ದರು. ನಾವು ಅದನ್ನು ದುಃಖ ಎಂದುಕೊಂಡೆವು.

ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡು ಬಂದದ್ದು ಸೆಪ್ಟೆಂಬರಿನಲ್ಲಿ. ಇವರು ಮತ್ತೆ ಹೋಗಲು ಶುರುಮಾಡಿದ್ದೂ ಆವಾಗಲೇ. ಭಟ್ಕಳಕ್ಕೆ ಹೋದವರು ನೀನು ಆಫೀಸಿನಲ್ಲಿರುವ ಹೊತ್ತಿಗೆ ಶಿರಾಲಿಯಲ್ಲಿ ಇಳಿಯುತ್ತಾರೆ. ಹೋದ ಭಾನುವಾರ ನಾವು ಬಂದಾಗ ಅಪ್ಪ ಅಂದದ್ದು ನಿನಗೂ ಕೇಳಿಸಿರಬೇಕು, "ನರೇಶ ಬಂದ್ರೆ ಹೊತ್ತು ಹೋಗುದೇ ಗೊತ್ತಾಗುದಿಲ್ಲ ಮಗಾ. ನಿನ್ ಆಯಿದೆಲ್ಲ ಒಂದೊಂದೇ ಹಾಕ್ತಾನೆ. ಎಷ್ಟ್ ಜೋಪಾನ ಅಂತಿ." ನೀನು ಮೀನು ಹುರಿಯುತ್ತಿದ್ದೆ. ಇವರು ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದರು. ನಾನು ಧೂಳು ಹೊಡೆಯುವ ನೆಪ ಮಾಡಿ ಗೋಡೆಯ ಕಪಾಟು ತೆಗೆದೆ. ಕವರುಗಳನ್ನು ತಿರುಗಿಸಿದೆ.

ಕೆಂಪು ಟಿಕ್ಲಿಗಳು. ನಮ್ಮ ಮನೆಯಲ್ಲಿ, ಅಪ್ಪ ಮಂಚದ ಮೇಲೆ ಕೂತು ಪುಟ್ಟಿಗೆ ಕೈ ಚಪ್ಪಾಳೆ ಹೊಡೆಸುತ್ತಿರುವಾಗ, ಅವನ ಬೆನ್ನ ಹಿಂದಿನ ಕಪಾಟಿನಲ್ಲಿ.

ಒಂದೊಂದನ್ನೇ ಕಿತ್ತೆ. ಎಲ್ಲಿ ಹಾಕುವುದು ತಿಳಿಯದೆ ಎಡಗೈಗೆ, ಮಣಿಕಟ್ಟಿನಿಂದ ಮೇಲಕ್ಕೆ ಅಂಟಿಸಿಕೊಂಡು ಸೆರಗು ಮುಚ್ಚಿದೆ. ನೀನು ಬಡಿಸುವಾಗ ಅಕ್ಕ ಯಾಕೆ ಬಲಗೈಯಲ್ಲೇ ಎಲ್ಲ ಮಾಡುತ್ತಾಳೆ ಎಂದು ನಿನಗೆ ಅನ್ನಿಸಲಿಲ್ಲವೇ? ವಾಪಸು ಬರುವಾಗ ಶರಾವತಿಯ ಸೇತುವೆಯ ಮೇಲೆ ಪುಟ್ಟಿ ಅಳತೊಡಗಿದಳು, ಅವಳನ್ನು ಹೆಗಲಿಗೆ ಹಾಕಿಕೊಳ್ಳುವಾಗ ಸೆರಗು ಜಾರಿತು. ಇವರು ರಸ್ತೆಯಿಂದ ಕಣ್ಣು ತೆಗೆದು ನನ್ನ ಕೈ ನೋಡಿದರು. ಸಾಲಾಗಿ ಅಂಟಿದ ಟಿಕ್ಲಿಗಳನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಇಲ್ಲ ನಗುತ್ತಾರೆ ಎಂದುಕೊಂಡೆ. ಮತ್ತೆ ರಸ್ತೆಯ ಕಡೆ ತಿರುಗಿ, "ಅಂಟು ಹೋಗಿರ್ತದೆ ಅವುದ್ದು. ಹೊಸ ಚೀಟಿ ತಕೊ" ಎಂದರು. ಅಷ್ಟೇ. ಮನೆಗೆ ಬಂದು ಮಗುವನ್ನು ಅವರೇ ತೊಟ್ಟಿಲಿಗೆ ಹಾಕಿ, ನಿದ್ದೆ ಬರುವವರೆಗೆ ತೂಗಿದರು.

ಮರುದಿನ ನೀನು ಅವರಿಗೆ ಫೋನ್ ಮಾಡಿ ಧಾರವಾಡದ ವಿಷಯ ಹೇಳಿದೆ. ನನ್ನನ್ನು ಒಂದು ಮಾತು ಕೇಳಿದ್ದರೆ! ಆದರೆ ನಿನ್ನದೇನು ತಪ್ಪು, ಭಾವ ಎಂದರೆ ನಿನಗೆ ಅಷ್ಟು ವಿಶ್ವಾಸ. ಆತು, ಎಂತ ಚಿಂತೆ ಮಾಡಬೇಡ, ಮಾವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಇವರು ಅಲ್ಲೇ ಒಪ್ಪಿಕೊಂಡರು. ನಾನೂ ಮಗುವೂ ಬರುತ್ತೇವೆ ಎಂದೆ. ಸಮುದ್ರದ ಗಾಳಿ, ಮಗುವಿಗೆ ನೆಗಡಿಯಾಗುತ್ತದೆ ಎಂದರು. ಕುಮಟೆಗೆ ಬೀಸುವುದೂ ಅದೇ ಗಾಳಿಯಲ್ಲವೇ?

ಬ್ಯಾಗು ನಿನ್ನೆಯೇ ತುಂಬಿಟ್ಟಿದ್ದಾರೆ. ಒಗೆದ ಬಟ್ಟೆ ಇಡುವ ನೆಪದಲ್ಲಿ ನೋಡಿದೆ. ಅಡಿಯಲ್ಲಿ ಎರಡು ಲುಂಗಿ, ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಹೊಸ ಮುಳ್ಳು, ಪ್ಲೇಟು ಒರೆಸುವ ಬ್ರಶ್ಶು. ಅಂಗಡಿಯ ಗೋಡೆಯಲ್ಲಿ ಬರೆದಿಡುವ ಹಲಗೆಯ ಮೇಲೆ ಮುಂದಿನ ತಿಂಗಳ ಮೊದಲ ವಾರಕ್ಕೆ ಶಾಮಿಯಾನ ಯಾರಿಗೂ ಕೊಟ್ಟಿಲ್ಲ. ಮದುವೆಯ ಸೀಸನ್ನು, ಕೇಳಿಕೊಂಡು ಬಂದ ಇಬ್ಬರನ್ನು ವಾಪಸು ಕಳಿಸಿದ್ದಾರೆ. ಯಾಕೆ ಎಂದೆ. ಇರಲಿ, ಬೇಕಾಗಬಹುದು ಎಂದರು.

ಅವರು ಯಾರ ಮೈಯನ್ನೂ ಮುಟ್ಟಿದವರಲ್ಲ ಅಂಕಿತಾ. ಇರುವೆ ಕೂಡ ಹೊಸಕುವವರಲ್ಲ. ಪೊಲೀಸರಿಗೆ ಹೇಳುವಂಥದ್ದು ಒಂದೂ ಇಲ್ಲ, ಯಾರಿಗೆ ಹೇಳಿದರೂ ಬಾಣಂತಿ ಸನ್ನಿ ಎನ್ನುತ್ತಾರೆ. ಅಪ್ಪನಿಗೆ ಎದೆ ಹಿಡಿದರೆ ನಾಲಿಗೆಯ ಅಡಿಗೆ ಇಡುವ ಮಾತ್ರೆ ದೇವರ ಕೋಣೆಯ ಗೂಡಿನಲ್ಲಿದೆ. ಮಂಚದಿಂದ ಅಲ್ಲಿಗೆ ಅಪ್ಪನಿಗೆ ಹೋಗಲಾಗುವುದಿಲ್ಲ, ಪಕ್ಕದಲ್ಲಿ ಕೂತವರು ಏಳಬೇಕು. ಪಕ್ಕದಲ್ಲಿ ಕೂತವರು ಹಾಡಿನ ನಡುವೆ ಏಳುತ್ತಾರೆಯೇ ಎಂಬುದೊಂದೇ ನನ್ನ ಪ್ರಶ್ನೆ.

ಆದ್ದರಿಂದ ಹೀಗೆ ಮಾಡು. ಶನಿವಾರವೇ ಅಪ್ಪನನ್ನು ಮಾವಳ್ಳಿಗೆ ಬಿಡು. ಚಿಕ್ಕಮ್ಮನಿಗೆ ಮೈಗೆ ಹುಷಾರಿಲ್ಲ, ನಿನ್ನನ್ನು ನೋಡಬೇಕೆನ್ನುತ್ತಾಳೆ ಎಂದರೆ ಅಪ್ಪ ತಾನಾಗಿ ಹೊರಡುತ್ತಾನೆ. ಮಾತ್ರೆಯನ್ನು ಅಂಗಿಯ ಕಿಸೆಗೇ ಹಾಕಿಕೊಡು, ಇನ್ನು ಮೇಲೆ ಅದು ಅಲ್ಲೇ ಇರಲಿ. ಭಾವನಿಗೆ ಭಾನುವಾರ ಸಂಜೆ ಹೇಳು, ಮೊದಲೇ ಹೇಳಬೇಡ. ಸಿಟ್ಟು ಮಾಡಿಕೊಳ್ಳುವುದಿಲ್ಲ ಅವರು, ಹಾಗಾ, ಆತು ಎನ್ನುತ್ತಾರೆ. ಆಮೇಲೆ ನನ್ನ ಕಡೆ ನೋಡುತ್ತಾರೆ, ಅದಕ್ಕೆ ನಾನಿದ್ದೇನೆ. ನೀನು ಈ ಪತ್ರ ಓದಿ ಮುಗಿಸಿದ ಮೇಲೆ ನನಗೆ ಫೋನ್ ಮಾಡಿ ಪುಟ್ಟಿಯ ಅಂಗಿ ಸಿಕ್ಕಿತು ಎನ್ನು. ನಂಬಿದ್ದರೆ, ಅಂಗಿ ಚೆನ್ನಾಗಿದೆ ಎನ್ನು. ನಂಬದಿದ್ದರೆ ಚಿಕ್ಕದಾಯಿತು ಎನ್ನು. ಆಗ ಸೋಮವಾರ ನಾನೇ ಮಗುವನ್ನು ಕಟ್ಟಿಕೊಂಡು ಬಂದು ಅಪ್ಪನ ಮಂಚದ ಕಾಲಿಗೆ ಒರಗಿ ಕೂರುತ್ತೇನೆ. ಎಷ್ಟೆಂದರೂ ನಿದ್ದೆ ಬರದವಳು ನಾನು.

ಧಾರವಾಡದಲ್ಲಿ ಈಗ ಚಳಿ ಶುರುವಾಗಿರುತ್ತದೆ, ಶಾಲು ಮರೆಯಬೇಡ.

ಇತಿ ನಿನ್ನ ಅಕ್ಕ,
ಸುಪ್ರಿಯಾ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡದ್ದು. ಈಗ ಗುರುವಾರ ಬೆಳಿಗ್ಗೆ, ಕವಿತಕ್ಕ ಹೊರಡುವ ಹೊತ್ತಾಯಿತು, ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ.

ಈ ಮಳೆಗಾಲದಿಂದ ಶುರುವಾಯಿತು ಎಂದು ಮೇಲೆ ಬರೆದೆ. ಹಾಗೆ ಇದ್ದರೆ ಒಳ್ಳೆಯದಿತ್ತು. ಕಪಾಟಿನಲ್ಲಿ ಸಿಕ್ಕ ಟಿಕ್ಲಿಗಳೆಲ್ಲ ಕೆಂಪಲ್ಲ. ಒಂದು ಹಸಿರು ಕಲ್ಲಿನದು, ಆಯಿಯ ನೀಲಿ ಕವರಿನ ಬೆನ್ನಿಗೆ. ಆ ಚೀಟಿ ಆಯಿಯ ಮಡಿಲಿನಲ್ಲಿ ಆಯಿಯ ಜೊತೆಗೇ ಸುಟ್ಟುಹೋಯಿತು, ನಾವಿಬ್ಬರೂ ಕೈಯಾರೆ ಹಾಕಿ ಕಳಿಸಿದ್ದೇವೆ. ಅಂದರೆ ಅದನ್ನು ಅಂಟಿಸಿದ್ದು ಆಯಿ ಇದ್ದಾಗ, ಸೀಮಂತದ ಆ ವಾರದಲ್ಲಿ.

ಆಯಿ ಹೋದ ಆ ದಿನ ನೀನೂ ಅಪ್ಪನೂ ನನ್ನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದಿರಿ. ಆಯಿಗೆ ದಮ್ಮು ಜಾಸ್ತಿಯಾಗಿತ್ತು, ನಾನು ಕೂತಿರುತ್ತೇನೆ ಹೋಗಿಬನ್ನಿ ಎಂದವರು ಇವರು. ವಾಪಸು ಬಂದಾಗ ಇವರು ಜಗಲಿಯಲ್ಲಿದ್ದರು, ನಿದ್ದೆ ಹತ್ತಿದೆ, ಎಬ್ಬಿಸಬೇಡಿ ಎಂದರು. ಒಳಗೆ ನೀಲಿ ಕವರು ಮಂಚದ ಮೇಲಿತ್ತು, ಪ್ಲೇಟು ತಿರುಗುತ್ತಲೇ ಇತ್ತು, ಮುಳ್ಳು ಕೊನೆಯ ಸುತ್ತಿನಲ್ಲಿ ಕುಟ್ ಕುಟ್ ಎನ್ನುತ್ತಿತ್ತು. ಎತ್ತಿದವಳು ನೀನು. ನಾನು ಭಾನುವಾರ ಅದನ್ನು ಹೊರಗೆ ತೆಗೆದು, ಇವರು ಕಲಿಸಿದ ಹಾಗೆಯೇ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಎರಡೂ ಬದಿ ನೋಡಿದೆ.

ಆ ಪ್ಲೇಟಿನ ಮೇಲೆ ಒಂದೇ ಒಂದು ಗೆರೆ ಇಲ್ಲ ಅಂಕಿತಾ.